ಭಯ ಯಾವ ದಿಕ್ಕಿನಿಂದ ಬರುತ್ತದೆ?

ಹೊಸದುರ್ಗ ತಾಲ್ಲೂಕಿನ ಬಾಗೂರು. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಶಾಲೆಯ ಮಕ್ಕಳಿಗೂ ಊರವರಿಗೂ ನಾಟಕ ಕಲಿಸುತ್ತ ಬಂದ ನಿವೃತ್ತ ಕನ್ನಡ ಮೇಷ್ಟ್ರು. ಇನ್ನೊಬ್ಬಳು ಅವರ ಕೈಯಲ್ಲಿ ಓದಿದವಳು, ಈಗ ಚಿತ್ರಕಥೆ ಬರೆಯುವುದನ್ನು ಕಲಿಯುತ್ತಿರುವವಳು.

ಶಿಷ್ಯೆ: ಮೇಷ್ಟ್ರೇ, ನಾನು ಅಭ್ಯಾಸಕ್ಕೆ ಅಂತ ಬೇರೆಯವರ ದೆವ್ವದ ಕಥೆಗಳನ್ನು ತೆಗೆದುಕೊಂಡು ಚಿತ್ರಕಥೆ ಮಾಡುತ್ತಿದ್ದೇನೆ. ಕೆಲವು ಸಲ ನೋಡಿ ಮೆಚ್ಚಿದ ಸಿನಿಮಾದ ಪಾತ್ರಗಳನ್ನೇ ಇಟ್ಟುಕೊಂಡು, ಆ ಸಿನಿಮಾದಲ್ಲಿ ಇಲ್ಲದ ಸೀನ್‌ಗಳನ್ನು ಬರೆಯುತ್ತೇನೆ. ಜೊತೆಯವರು ಕೇಳುತ್ತಾರೆ, ಸ್ವಂತದ್ದು ಬರೆಯಬಾರದೇ ಅಂತ. ನಿಮಗೆ ಇದು ಸರಿ ಅನಿಸುತ್ತದೆಯೇ?

ಮೇಷ್ಟ್ರು: ಮೊದಲನೆಯದು ಸರಿ. ಎರಡನೆಯದರ ಬಗ್ಗೆ ನನಗೆ ಅನುಮಾನವಿದೆ, ಅದನ್ನು ಆಮೇಲೆ ಹೇಳುತ್ತೇನೆ. ಬೇರೆಯವರ ಕಥೆ ತೆಗೆದುಕೊಂಡು ನಮ್ಮದಾಗಿಸುವುದು ಕನ್ನಡಕ್ಕೆ ಹೊಸದಲ್ಲ. ಬಿ.ಎಂ.ಶ್ರೀ. ಸೊಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಕುರುಕ್ಷೇತ್ರದ ಕೊನೆಗೆ ತಂದು ‘ಅಶ್ವತ್ಥಾಮನ್’ ಬರೆದರು. ಕುವೆಂಪು ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಅನ್ನು ಡೆನ್ಮಾರ್ಕಿನಿಂದ ಬಿದನೂರಿಗೆ ತಂದರು, ಅದು ‘ರಕ್ತಾಕ್ಷಿ’ ಆಯಿತು. ಹ್ಯಾಮ್ಲೆಟ್ ಅಂದರೆ ಮೂಲದಲ್ಲಿ ಏನು? ಸತ್ತ ಅಪ್ಪ ರಾತ್ರಿ ಹೊತ್ತು ಬಂದು ಮಗನಿಗೆ ಕಾಣಿಸುವ ಕಥೆ. ದೆವ್ವದ ಕಥೆಯಿಂದಲೇ ಶುರುವಾಗುವ ನಾಟಕ.

ಶಿಷ್ಯೆ: ಗಿರೀಶ ಕಾರ್ನಾಡರ ‘ಹಯವದನ’ವೂ ಹಾಗೆಯೇ ಅಲ್ಲವೇ? ಬೇತಾಳನ ಕಥೆ.

ಮೇಷ್ಟ್ರು: ಹೌದು, ಅದರ ದಾರಿ ಇನ್ನೂ ದೊಡ್ಡದು. ಹನ್ನೊಂದನೇ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ರಾಜನೊಬ್ಬ ಸ್ಮಶಾನದಿಂದ ಹೆಣ ಹೊತ್ತು ಬರುತ್ತಾನೆ, ಹೆಣದೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಅದರಲ್ಲಿ ತಲೆ ಅದಲುಬದಲಾದ ಕಥೆ ಒಂದು. ಜರ್ಮನಿಯ ಥಾಮಸ್ ಮಾನ್ ಅದನ್ನು 1940ರಲ್ಲಿ ಕಿರುಕಾದಂಬರಿ ಮಾಡಿದ. ಕಾರ್ನಾಡರು ಮಾನ್‌ನಿಂದ ತೆಗೆದುಕೊಂಡು, 1971ರ ಹೊತ್ತಿಗೆ ಯಕ್ಷಗಾನದ ಭಾಗವತನನ್ನೂ ಅರ್ಧಪರದೆಯನ್ನೂ ಮುಖವಾಡವನ್ನೂ ಸೇರಿಸಿ, ಕುದುರೆ ತಲೆಯ ಹಯವದನನನ್ನು ಹೊಸದಾಗಿ ಹುಟ್ಟಿಸಿ ತಮ್ಮ ನಾಟಕ ಮಾಡಿದರು. ಮೂರು ಕೈ ದಾಟಿದ ಕಥೆ. ಒಂದೊಂದು ಕೈಯಲ್ಲೂ ಬೇರೆ ಪ್ರಶ್ನೆ. ಬೇತಾಳ ಕೇಳಿದ್ದು, ಈಗ ಗಂಡ ಯಾರು ಅಂತ. ಕಾರ್ನಾಡರು ಕೇಳಿದ್ದು, ಮನುಷ್ಯ ಪೂರ್ಣನಾಗುವುದು ಯಾವಾಗ ಅಂತ.

ಶಿಷ್ಯೆ: ಇವರೆಲ್ಲ ಬರೆದದ್ದು ಪ್ರಕಟಿಸಲಿಕ್ಕೆ. ನಾನು ಬರೆಯುತ್ತಿರುವುದು ಅಭ್ಯಾಸಕ್ಕೆ, ನೋಟ್‌ಬುಕ್ಕಿಗೆ. ಅದಕ್ಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ ಸತ್ಯಜಿತ್ ರಾಯ್. 1940ರ ದಶಕದಲ್ಲಿ ಅವರು ಕಲ್ಕತ್ತೆಯ ಜಾಹೀರಾತು ಕಂಪನಿಯಲ್ಲಿ ಕೆಲಸದಲ್ಲಿದ್ದರು. ಯಾವುದಾದರೂ ಕಾದಂಬರಿ ಸಿನಿಮಾ ಆಗುತ್ತದೆ ಎಂದು ಸುದ್ದಿ ಬಂದರೆ, ಅದರ ಚಿತ್ರಕಥೆಯನ್ನು ತಾವೇ ಮೊದಲು ಬರೆದುಕೊಳ್ಳುತ್ತಿದ್ದರು. ಸಿನಿಮಾ ಬಂದ ಮೇಲೆ ಹೋಗಿ ನೋಡಿ, ತಾವು ಬರೆದದ್ದರ ಜೊತೆ ತಾಳೆ ಹಾಕುತ್ತಿದ್ದರು. ಯಾರೂ ಕೇಳಿರಲಿಲ್ಲ, ಯಾರೂ ದುಡ್ಡು ಕೊಡಲಿಲ್ಲ. ‘ಪಥೇರ್ ಪಾಂಚಾಲಿ’ ಬಂದದ್ದು 1955ರಲ್ಲಿ. ಮುಂದೆ 1961ರಲ್ಲಿ ಟಾಗೋರರ ‘ಮಣಿಹಾರಾ’ ಎಂಬ ದೆವ್ವದ ಕಥೆಯನ್ನೂ ಅವರು ‘ತೀನ್ ಕನ್ಯಾ’ದಲ್ಲಿ ಸಿನಿಮಾ ಮಾಡಿದರು.

ಮೇಷ್ಟ್ರು: ಈ ಪಾಠ ನಮ್ಮ ಜಿಲ್ಲೆಯಲ್ಲೇ ಮಾಡಬಹುದಲ್ಲ! ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದರು. ಚಿತ್ರದುರ್ಗದ ಕೋಟೆಯ ಕಲ್ಲುಗಳು ಆ ಸಿನಿಮಾದಲ್ಲಿ ಪಾತ್ರಗಳಷ್ಟೇ ಮುಖ್ಯ. ನೀನು ಕಾದಂಬರಿಯ ಒಂದು ಅಧ್ಯಾಯ ಓದು, ಸೀನ್ ಮಾಡು. ಆಮೇಲೆ ಪುಟ್ಟಣ್ಣ ಏನು ಇಟ್ಟುಕೊಂಡರು, ಏನು ಬಿಟ್ಟರು ನೋಡು. ಹೊಸದುರ್ಗದಲ್ಲಿ ಬಸ್ ಹತ್ತಿದರೆ ಕೋಟೆಗೇ ಹೋಗಿ ಆ ಜಾಗದಲ್ಲೇ ನಿಂತು ಓದಬಹುದು.

ಶಿಷ್ಯೆ: ತ.ರಾ.ಸು. ಅವರಿಗೆ ಆ ಸಿನಿಮಾ ಹಿಡಿಸಲಿಲ್ಲವಂತೆ.

ಮೇಷ್ಟ್ರು: ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ಅವರು ನೊಂದು ನುಡಿದರೆಂಬುದು ನಾಡಿನಲ್ಲಿ ಮನೆಮಾತು. ಆ ನೋವನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಬರೆದವನಿಗೆ ಅವನ ಪಾತ್ರ ಬದುಕಿರುವ ಮನುಷ್ಯ. ಪುಟ್ಟಣ್ಣ ಮಾಡಿದ್ದು ತಪ್ಪೆಂದೂ ನಾನು ಹೇಳುವುದಿಲ್ಲ, ಆ ಸಿನಿಮಾದ ನಾಯಕ ರಾಮಾಚಾರಿ ಇವತ್ತಿಗೂ ಉಳಿದಿದ್ದಾನೆ. ಸಿನಿಮಾ ಮಾಡುವಾಗ ಆ ಜಗಳ ತಪ್ಪಿದ್ದಲ್ಲ. ಅಭ್ಯಾಸದಲ್ಲಿ ಯಾರಿಗೂ ನೋವಾಗುವುದಿಲ್ಲ, ಕಲಿಯುವುದು ಮಾತ್ರ ಅಷ್ಟೇ ಇರುತ್ತದೆ. ಅಭ್ಯಾಸದ ದೊಡ್ಡ ಲಾಭ ಅದು. ಇರಲಿ, ದೆವ್ವದ ಕಥೆಯೇ ಯಾಕೆ? ಪ್ರೇಮಕಥೆ ಬರೆಯಬಹುದಿತ್ತಲ್ಲ.

ಶಿಷ್ಯೆ: ದೆವ್ವದ ಕಥೆಯಲ್ಲಿ ಫಲಿತಾಂಶ ಕೂಡಲೇ ಗೊತ್ತಾಗುತ್ತದೆ. ಪ್ರೇಮದ ಸೀನ್ ಸಾಧಾರಣವಾಗಿದ್ದರೂ ಕೇಳುವವರು ‘ಚೆನ್ನಾಗಿದೆ’ ಅಂದುಬಿಡುತ್ತಾರೆ. ಹೆದರಿಸುವ ಸೀನ್ ಓದುವಾಗ ಹಾಗಾಗುವುದಿಲ್ಲ. ಎದುರಿನವರು ಮೊಬೈಲ್ ತೆಗೆದರೆ ಸೀನ್ ಸೋತಿದೆ, ಹಿಂದೆ ತಿರುಗಿ ಬಾಗಿಲು ನೋಡಿದರೆ ಗೆದ್ದಿದೆ. ಇನ್ನೊಂದು ಕಾರಣ, ಚಿತ್ರಕಥೆಯಲ್ಲಿ ‘ಅವಳಿಗೆ ಭಯವಾಯಿತು’ ಎಂದು ಬರೆಯುವ ಹಾಗಿಲ್ಲ. ಭಯವನ್ನು ಕ್ಯಾಮೆರಾ ಹಿಡಿಯಲಾರದು. ಅವಳ ಕೈಯ ಚೊಂಬು ನಿಂತಲ್ಲೇ ನಿಲ್ಲುವುದನ್ನು, ಹಿತ್ತಿಲಿನಲ್ಲಿ ನಾಯಿ ಬೊಗಳುವುದು ತಟ್ಟನೆ ನಿಲ್ಲುವುದನ್ನು ಹಿಡಿಯಬಲ್ಲದು. ಕಾಣುವುದು, ಕೇಳುವುದು ಎರಡನ್ನೇ ಬರೆಯಲು ಈ ಕಥೆಗಳು ಕಲಿಸುತ್ತವೆ.

ಮೇಷ್ಟ್ರು: ನಾಟಕದಲ್ಲಿ ನಾವು ಮಾತಿನ ಮೇಲೆ ನಿಂತವರು. ಮೂಡಲಪಾಯ ಬಯಲಾಟದಲ್ಲಿ ರಾಕ್ಷಸ ಬಂದರೆ ಮೊದಲು ಕೇಳುವುದು ಒಳಗಿನ ಅಬ್ಬರ, ಆಮೇಲೆ ವೇಷ. ಪರದೆ ಸರಿಯುವ ತನಕ ಮಕ್ಕಳು ಅಮ್ಮಂದಿರ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು, ವೇಷ ಪೂರ್ತಿ ಕಂಡ ಮೇಲೆ ಧೈರ್ಯವಾಗಿ ನೋಡುತ್ತಿದ್ದರು. ಕಾಣದಿರುವಾಗಲೇ ಹೆಚ್ಚು ಭಯ ಅನ್ನುವುದನ್ನು ನಮ್ಮ ಬಯಲಾಟದವರು ಸಿನಿಮಾ ಬರುವ ಮೊದಲೇ ಬಲ್ಲವರು. ಈಗ ನಿನ್ನ ಎರಡನೇ ವಿಷಯಕ್ಕೆ ಬಾ. ಯಾವ ಪಾತ್ರ ಎತ್ತಿಕೊಂಡಿದ್ದೀಯ?

ಶಿಷ್ಯೆ: ‘ಆಪ್ತಮಿತ್ರ’ ಸಿನಿಮಾದ ದೆವ್ವ, ನಾಗವಲ್ಲಿ.

ಮೇಷ್ಟ್ರು: ನನ್ನ ಅನುಮಾನ ಅದೇ. ಎಲ್ಲರಿಗೂ ಗೊತ್ತಿರುವ ಪಾತ್ರ. ಅವಳ ಕಾಲ್ಗೆಜ್ಜೆಯ ಸದ್ದು ಬರೆದರೆ ಸಾಕು, ಓದುವವನು ಸಿನಿಮಾ ನೆನೆದು ಹೆದರುತ್ತಾನೆ. ಆ ಭಯ ನೀನು ಸಂಪಾದಿಸಿದ್ದಲ್ಲ. ಹೀಗೆ ಕಲಿಯುವುದೇನು?

ಶಿಷ್ಯೆ: ನಾನು ಗೆಜ್ಜೆ ಸದ್ದು ಬರೆಯಲಿಲ್ಲ ಮೇಷ್ಟ್ರೇ. ಸಿನಿಮಾದಲ್ಲಿ ನಾಗವಲ್ಲಿ ನಮಗೆ ಹೆಚ್ಚಾಗಿ, ತಾನೇ ನಾಗವಲ್ಲಿ ಎಂಬಂತೆ ಆಡುವ ಗಂಗಾಳ ಮೂಲಕವೇ ಕಾಣುತ್ತಾಳೆ. ಬದುಕಿದ್ದ ನಾಗವಲ್ಲಿ ಯಾರು? ಬೇರೆ ಸೀಮೆಯಿಂದ ರಾಜ ತಂದಿಟ್ಟುಕೊಂಡ ನರ್ತಕಿ. ಅರಮನೆಯಲ್ಲಿ ಅವಳ ಭಾಷೆ ಆಡುವವರು ಎಷ್ಟು ಜನ ಇದ್ದರು? ಊಟಕ್ಕೆ ಯಾರು ಕರೆಯುತ್ತಿದ್ದರು? ಅವಳು ಅಲ್ಲಿಗೆ ಬಂದ ಮೊದಲ ರಾತ್ರಿಯನ್ನು ನಾನು ಬರೆದೆ. ಆ ಸೀನ್‌ನಲ್ಲಿ ದೆವ್ವವೇ ಇಲ್ಲ, ಹೆದರಿದವಳು ಅವಳು. ಪಾತ್ರ ಎರವಲು, ನೋಡುವ ಜಾಗ ನನ್ನದು. ಪ್ರೇಕ್ಷಕರು ಯಾರನ್ನು ಕಂಡು ಹೆದರಬೇಕೆಂದು ಸಿನಿಮಾ ಹೇಳುತ್ತದೋ ಅವಳ ಪಕ್ಕ ಹೋಗಿ ನಿಂತು ನೋಡುವುದು ನನಗೆ ಬೇರೆ ಯಾವ ಅಭ್ಯಾಸದಲ್ಲೂ ಸಿಗಲಿಲ್ಲ.

ಮೇಷ್ಟ್ರು: ಹೀಗಾದರೆ ನಾನು ಒಪ್ಪುತ್ತೇನೆ. ಅಭಿಮಾನದಿಂದ ಬರೆದದ್ದು ಮೂಲವನ್ನು ಮತ್ತೆ ಹೇಳಿದರೆ ವ್ಯರ್ಥ, ಮೂಲ ಕೇಳದ ಪ್ರಶ್ನೆ ಕೇಳಿದರೆ ಅದು ಬರವಣಿಗೆ. ನೀನು ಭಾಷೆಯ ಮಾತು ಎತ್ತಿದೆ, ಅಲ್ಲೊಂದು ಸಂಗತಿ ಗಮನಿಸಿದೆಯಾ?

ಶಿಷ್ಯೆ: ಗಮನಿಸಿದೆ. ಮೂಲ ಮಲಯಾಳಂ. ಮಧು ಮುಟ್ಟಂ ಬರೆದು ಫಾಜಿಲ್ 1993ರಲ್ಲಿ ನಿರ್ದೇಶಿಸಿದ ‘ಮಣಿಚಿತ್ರತ್ತಾಳ್’. ಅದರಲ್ಲಿ ನಾಗವಲ್ಲಿ ತಂಜಾವೂರಿನವಳು, ತಮಿಳು ಮಾತಾಡುತ್ತಾಳೆ. 2004ರಲ್ಲಿ ಪಿ. ವಾಸು ಕನ್ನಡಕ್ಕೆ ತಂದಾಗ ಅವಳ ಬಾಯಲ್ಲಿ ತೆಲುಗು. 2005ರ ತಮಿಳು ‘ಚಂದ್ರಮುಖಿ’ಯಲ್ಲೂ ತೆಲುಗು. 2007ರ ಹಿಂದಿ ‘ಭೂಲ್ ಭುಲೈಯಾ’ದಲ್ಲಿ ಅವಳು ಬಂಗಾಳಿ ಮಂಜುಲಿಕಾ. ನಾಲ್ಕು ಸಿನಿಮಾದಲ್ಲೂ ದೆವ್ವ ಆಡುವುದು ಬೇರೆ ಸೀಮೆಯ ಮಾತು.

ಮೇಷ್ಟ್ರು: ನೋಡು, ರೂಪಾಂತರದ ಕೀಲು ಇರುವುದೇ ಇಲ್ಲಿ. ಊರಿನ ಹೆಸರು ಬದಲಾಯಿಸುವುದು, ಕೋಟಿನ ಬದಲು ಪಂಚೆ ಉಡಿಸುವುದು ಸುಲಭದ ಕೆಲಸ. ಕಥೆಯಲ್ಲಿ ಭಯ ಯಾವ ದಿಕ್ಕಿನಿಂದ ಬರುತ್ತದೆ ಎಂದು ಕಂಡುಕೊಳ್ಳಬೇಕು. ಆ ಕಥೆಯನ್ನು ನಮ್ಮ ನೆಲಕ್ಕೆ ತಂದರೆ ಅದೇ ಭಯ ಎಲ್ಲಿಂದ ಬರಬೇಕು ಎಂದು ಕೇಳಬೇಕು. ಇದಕ್ಕೆ ಉತ್ತರ ಸಿಗದೆ ಒಂದು ಸೀನನ್ನೂ ಬರೆಯಬೇಡ.

ಶಿಷ್ಯೆ: ಪವನ್ ಕುಮಾರ್ ಅವರ ‘ಯು ಟರ್ನ್’ ನೆನಪಾಗುತ್ತದೆ. 2016ರದು. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ಬೈಕಿನವರು ಅಡ್ಡ ತಿರುಗಲಿಕ್ಕೆ ಅಂತ ನಡುವಿನ ಕಲ್ಲು ಸರಿಸಿ ಹಾಗೇ ಬಿಟ್ಟು ಹೋಗುತ್ತಾರೆ. ಅಲ್ಲಿ ಭಯ ಹಳೇ ಬಂಗಲೆಯಿಂದಾಗಲಿ ಸ್ಮಶಾನದಿಂದಾಗಲಿ ಬರುವುದಿಲ್ಲ, ದಿನಾ ಮಾಡುವ ಸಣ್ಣ ತಪ್ಪಿನಿಂದ ಬರುತ್ತದೆ. ಆ ಸೇತುವೆ ಕಂಡಿಲ್ಲದವರೂ ಆ ತಪ್ಪು ಬಲ್ಲರು. ಅದಕ್ಕೇ ಅದು ತಮಿಳು, ತೆಲುಗು, ಹಿಂದಿಗೆಲ್ಲ ಹೋಯಿತು.

ಮೇಷ್ಟ್ರು: ನಮ್ಮ ಗೋಡೆಯ ಮೇಲಿದ್ದ ಕಥೆ ಒಂದು ಹಿಂದಿಗೆ ಹೋಯಿತು, ಗೊತ್ತಲ್ಲ? 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಎಷ್ಟೋ ಹಳ್ಳಿಗಳಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಹೆಣ್ಣು ದೆವ್ವವೊಂದು ರಾತ್ರಿ ಬಂದು, ಮನೆಯವರ ಗುರುತಿನ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಸಾವು. ಬಾಗಿಲ ಬರಹ ಓದಿದರೆ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ. ಯಾರು ಕಟ್ಟಿದರೋ ಗೊತ್ತಿಲ್ಲದ ಕಥೆ. ಚಿತ್ರಕಥೆಗೆ ಬೇಕಾದ್ದೆಲ್ಲ ಅದರಲ್ಲಿದೆ. ದೆವ್ವಕ್ಕೊಂದು ನಿಯಮ, ಮನೆಗೊಂದು ರಕ್ಷಣೆ, ಗುರುತಿನ ದನಿಯ ಮೋಸ.

ಶಿಷ್ಯೆ: 2018ರ ‘ಸ್ತ್ರೀ’. ಅಮರ್ ಕೌಶಿಕ್ ನಿರ್ದೇಶನ. ಅವರು ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದರು, ನಿಯಮ ಉಳಿಸಿಕೊಂಡರು. ಆದರೆ ದೆವ್ವ ಎತ್ತಿಕೊಂಡು ಹೋಗುವುದು ಗಂಡಸರನ್ನು ಮಾತ್ರ. ಕತ್ತಲಾದ ಮೇಲೆ ಹೊರಗೆ ಹೋಗಬೇಡಿ ಎಂದು ಹೆಂಗಸರಿಗೆ ಹೇಳುವ ಮಾತನ್ನು ಗಂಡಸರು ಕೇಳಬೇಕಾಗುತ್ತದೆ. ದಿಕ್ಕು ಬದಲಾದ ಕೂಡಲೇ ಕಥೆಗೆ ಹೊಸ ಅರ್ಥ ಬಂತು. ನಮ್ಮೂರ ಬಾಗಿಲುಗಳ ಮೇಲಿದ್ದದ್ದನ್ನು ನಾವು ಬರೆಯಲಿಲ್ಲವಲ್ಲ ಅನ್ನುವ ಸಂಕಟ ನನಗಿದೆ.

ಮೇಷ್ಟ್ರು: ಊರ ಕಥೆ ಯಾರ ಆಸ್ತಿಯೂ ಅಲ್ಲ, ನೀನೂ ಬರೆಯಬಹುದು. ಇನ್ನು ಆಸ್ತಿ ಇರುವ ಕಥೆಗಳ ವಿಷಯ. ಕಾನೂನು ಏನು ಹೇಳುತ್ತದೆ, ತಿಳಿದುಕೊಂಡಿದ್ದೀಯಾ?

ಶಿಷ್ಯೆ: 1957ರ ಕೃತಿಸ್ವಾಮ್ಯ ಕಾಯ್ದೆ. ಲೇಖಕರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ ಇನ್ನೂ 60 ವರ್ಷ ಹಕ್ಕು ಉಳಿಯುತ್ತದೆ. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಹಾಗಾಗಿ 2044ರ ಕೊನೆಯವರೆಗೆ. ಸಿನಿಮಾಕ್ಕೆ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ, ‘ಆಪ್ತಮಿತ್ರ’ಕ್ಕೆ 2064ರ ಕೊನೆಯವರೆಗೆ. ಖಾಸಗಿ ಬಳಕೆಗೆ, ಅಧ್ಯಯನಕ್ಕೆ ನ್ಯಾಯವಾಗಿ ಬಳಸಿಕೊಳ್ಳುವುದಕ್ಕೆ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಅಂದರೆ ನನ್ನ ನಾಗವಲ್ಲಿ ನೋಟ್‌ಬುಕ್ಕಿನಲ್ಲೇ ಇರಬೇಕು. ಅದನ್ನು ಕಿರುಚಿತ್ರ ಮಾಡಿ ಹಾಕುವ ಹಾಗಿಲ್ಲ, ಮಾರುವ ಹಾಗಿಲ್ಲ.

ಮೇಷ್ಟ್ರು: ಅನುಮತಿ ಇಲ್ಲದೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ದೆವ್ವದ ಸಿನಿಮಾದ್ದೇ ಉದಾಹರಣೆ ಇದೆಯಲ್ಲ, ಜರ್ಮನಿಯದು?

ಶಿಷ್ಯೆ: 1922ರ ‘ನೊಸ್ಫೆರಾಟು’. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ವನ್ನು ಹೆಸರು ಬದಲಾಯಿಸಿ ಸಿನಿಮಾ ಮಾಡಿದರು. ಸ್ಟೋಕರ್‌ನ ಹೆಂಡತಿ ಫ್ಲಾರೆನ್ಸ್ ಮೊಕದ್ದಮೆ ಹೂಡಿ ಗೆದ್ದರು. ಎಲ್ಲ ಪ್ರತಿಗಳನ್ನು ನಾಶ ಮಾಡಬೇಕೆಂದು 1925ರಲ್ಲಿ ಆದೇಶವಾಯಿತು. ಬೇರೆ ದೇಶಗಳಿಗೆ ಹೋಗಿದ್ದ ಕೆಲವು ಪ್ರತಿ ಉಳಿದದ್ದರಿಂದ ಇವತ್ತು ನಾವು ಅದನ್ನು ನೋಡುತ್ತಿದ್ದೇವೆ. ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಅಮೆರಿಕದ ಸ್ಟೀಫನ್ ಕಿಂಗ್ ತಮ್ಮ ಸಣ್ಣಕಥೆಗಳನ್ನು ವಿದ್ಯಾರ್ಥಿಗಳಿಗೆ ಒಂದು ಡಾಲರಿಗೆ ಕಿರುಚಿತ್ರ ಮಾಡಲು ಕೊಡುತ್ತಿದ್ದರು. ವ್ಯಾಪಾರ ಮಾಡಬಾರದು, ಒಂದು ಪ್ರತಿ ತಮಗೆ ಕಳಿಸಬೇಕು, ಇಷ್ಟೇ ಷರತ್ತು. ಹಾಗೆ ಕಥೆ ಪಡೆದ ಹುಡುಗ ಫ್ರಾಂಕ್ ಡರಾಬಾಂಟ್ 1983ರಲ್ಲಿ ಕಿರುಚಿತ್ರ ಮಾಡಿದ. 1994ರಲ್ಲಿ ‘ಶಾಶಾಂಕ್ ರಿಡೆಂಪ್ಶನ್’ ಮಾಡಿದ್ದು ಅವನೇ, ಅದೂ ಕಿಂಗ್ ಅವರ ಕಥೆ. 2023ರ ಕೊನೆಗೆ ಆ ಯೋಜನೆ ನಿಂತಿತು.

ಮೇಷ್ಟ್ರು: ನಮ್ಮ ಕನ್ನಡದ ದೊಡ್ಡ ಕಥೆಗಾರರೂ ಅವರ ಮನೆಯವರೂ ಇಂಥದ್ದೊಂದು ಏರ್ಪಾಡು ಮಾಡಬೇಕು. ವಿದ್ಯಾರ್ಥಿಗಳಿಗೆ ಒಂದು ರೂಪಾಯಿಗೆ ಒಂದು ಕಥೆ. ಎಷ್ಟು ಮಕ್ಕಳು ಆ ನೆವದಲ್ಲಿ ಕಥೆ ಓದಿಯಾರು! ಅಲ್ಲಿಯವರೆಗೆ ಹಕ್ಕಿನ ಅವಧಿ ಮುಗಿದ ಕಥೆ ಹಿಡಿ. ನೀನು ಯಾವುದನ್ನು ಹಿಡಿದಿದ್ದೀಯ?

ಶಿಷ್ಯೆ: ಇಂಗ್ಲೆಂಡಿನ ಡಬ್ಲ್ಯು.ಡಬ್ಲ್ಯು. ಜೇಕಬ್ಸ್ 1902ರಲ್ಲಿ ಬರೆದ ‘ದಿ ಮಂಕೀಸ್ ಪಾ’, ಕೋತಿಯ ಪಂಜದ ಕಥೆ. ಆತ ತೀರಿಕೊಂಡದ್ದು 1943ರಲ್ಲಿ, ನಮ್ಮಲ್ಲಿ 2004ರಿಂದ ಅದು ಎಲ್ಲರದು. ಇಂಗ್ಲಿಷ್ ಮೂಲವನ್ನೇ ಇಟ್ಟುಕೊಂಡಿದ್ದೇನೆ, ಯಾರಾದರೂ ಮಾಡಿದ ಅನುವಾದಕ್ಕೆ ಅವರದೇ ಹಕ್ಕು ಬೇರೆ ಇರುತ್ತದೆ. ವಯಸ್ಸಾದ ಗಂಡ ಹೆಂಡತಿ, ಒಬ್ಬನೇ ಮಗ. ಸೈನಿಕನೊಬ್ಬ ಮೂರು ಕೋರಿಕೆ ಈಡೇರಿಸುವ ಒಣಗಿದ ಕೋತಿ ಪಂಜ ತರುತ್ತಾನೆ. ಅಪ್ಪ 200 ಪೌಂಡ್ ಕೇಳುತ್ತಾನೆ. ಮಾರನೇ ದಿನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಪರಿಹಾರ ಬರುವುದು ಸರಿಯಾಗಿ 200 ಪೌಂಡ್. ಕೆಲವು ದಿನ ಕಳೆದ ಮೇಲೆ ತಾಯಿ ಹಟ ಹಿಡಿದು ಮಗ ಬರಲಿ ಎಂದು ಎರಡನೇ ಕೋರಿಕೆ ಮಾಡಿಸುತ್ತಾಳೆ. ರಾತ್ರಿ ಬಾಗಿಲು ತಟ್ಟುವ ಸದ್ದು. ಅವಳು ಚಿಲಕ ತೆಗೆಯಲು ಒದ್ದಾಡುವಾಗ ಅಪ್ಪ ಕತ್ತಲಲ್ಲಿ ಪಂಜ ಹುಡುಕಿ ಮೂರನೇ ಕೋರಿಕೆ ಮಾಡುತ್ತಾನೆ. ಬಾಗಿಲು ತೆರೆದಾಗ ಖಾಲಿ ರಸ್ತೆ.

ಮೇಷ್ಟ್ರು: ಬಾಗಿಲಾಚೆ ಏನಿತ್ತು ಅನ್ನುವುದನ್ನು ಕಥೆಗಾರ ತೋರಿಸಲೇ ಇಲ್ಲ. ನೀನೂ ತೋರಿಸಬೇಡ. ಈಗ ಹೇಳು, ಆ ಕಥೆಯಲ್ಲಿ ಭಯ ಎಲ್ಲಿಂದ ಬರುತ್ತದೆ?

ಶಿಷ್ಯೆ: ಭಾರತದಿಂದ! ಸೈನಿಕ ಇಪ್ಪತ್ತೊಂದು ವರ್ಷ ಭಾರತದಲ್ಲಿದ್ದು ಬಂದವನು. ಪಂಜಕ್ಕೆ ಶಕ್ತಿ ತುಂಬಿದವನು ಇಲ್ಲಿನ ಫಕೀರ. ಇಂಗ್ಲೆಂಡಿನ ಓದುಗರಿಗೆ ದೂರದ, ಅರಿಯದ ದೇಶ ಅಂದರೆ ನಾವೇ. ನಾನು ಕಥೆಯನ್ನು ಬಾಗೂರಿಗೆ ತಂದ ಕೂಡಲೇ ಆ ದಾರಿ ಮುಚ್ಚಿಹೋಗುತ್ತದೆ. ಕೇರಳದ ಮಂತ್ರವಾದಿ, ಕೊಳ್ಳೇಗಾಲದ ಮಾಟ ಅಂತ ಬರೆಯುವುದು ನಮ್ಮಲ್ಲಿ ರೂಢಿ.

ಮೇಷ್ಟ್ರು: ಅದು ಬೇಡ. ಇನ್ನೊಂದು ಊರಿನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವ ಬರವಣಿಗೆ ಅದು. ಕೋತಿಯನ್ನೇ ನೋಡು. ಅಲ್ಲಿ ಕೋತಿ ಪಂಜ ಒಂದು ವಿಚಿತ್ರ ವಸ್ತು. ಇಲ್ಲಿ ಕೋತಿ ಸತ್ತರೆ ಊರೇ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತದೆ, ಆ ಜಾಗದಲ್ಲಿ ಆಂಜನೇಯನ ಗುಡಿ ಕಟ್ಟಿದ್ದೂ ಉಂಟು. ಹಾಗಿರುವಾಗ ಕತ್ತರಿಸಿದ ಕೋತಿ ಕೈ ಒಂದು ಮನೆಯ ಅಟ್ಟದಲ್ಲಿ ಸಿಕ್ಕರೆ?

ಶಿಷ್ಯೆ: ಅದೇ ಒಂದು ಅಪಚಾರ. ಕೋರಿಕೆ ಕೇಳುವ ಮೊದಲೇ ಭಯ ಶುರುವಾಗುತ್ತದೆ. ಕತ್ತರಿಸಿದವರು ಯಾರು ಅನ್ನುವ ಪ್ರಶ್ನೆ ಏಳುತ್ತದೆ... ಮೇಷ್ಟ್ರೇ, ತೆಂಗಿನ ತೋಟ! ಎಳನೀರು ಕಿತ್ತು ಹಾಳುಮಾಡುವ ಕೋತಿಗೆ ಆ ಮನೆಯ ತಾತ ಉರುಳು ಹಾಕಿದ್ದ. ಊರಿಗೆ ಗೊತ್ತಾಗದಂತೆ ಮುಚ್ಚಿಟ್ಟ. ಭಯ ಬರುವುದು ಅವರ ತೋಟದಿಂದಲೇ.

ಮೇಷ್ಟ್ರು: ಸಿಕ್ಕಿತು ನೋಡು. ಈಗ ಮಗನ ಕೆಲಸ ಯಾವುದು? ಹೊಸದುರ್ಗದ ಸೀಮೆಯಲ್ಲಿ ಕಾರ್ಖಾನೆ ಹುಡುಕಬೇಡ.

ಶಿಷ್ಯೆ: ಬೋರ್‌ವೆಲ್ ಲಾರಿ. ಮಗ ರಿಗ್ಗಿನಲ್ಲಿ ಕೆಲಸಕ್ಕಿದ್ದಾನೆ. ಅಪ್ಪ ಕೇಳುವುದು ದುಡ್ಡಲ್ಲ, ನೀರು. ಒಣಗುತ್ತಿರುವ ತೋಟಕ್ಕೆ ನೀರು. ಆ ರಾತ್ರಿ ಅವರದೇ ತೋಟದಲ್ಲಿ ಕೊಳವೆಬಾವಿಗೆ ನೀರು ಸಿಗುತ್ತದೆ, ಮಗ ಯಂತ್ರಕ್ಕೆ ಸಿಗುತ್ತಾನೆ. ಕೇಳಿದ್ದು ಬಂತು, ಬಂದ ರೀತಿ ಹಾಗೆ.

ಮೇಷ್ಟ್ರು: ಈ ತಾಲ್ಲೂಕಿನ ಯಾವ ರೈತನಿಗೂ ನೀನು ಆ ಕೋರಿಕೆಯನ್ನು ವಿವರಿಸಬೇಕಾಗಿಲ್ಲ. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ, ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ. ಅಷ್ಟು ಕಾಲ ಮಾರಿಕಣಿವೆ ತುಂಬುವುದನ್ನು ಕಾದು ಕೂತ ಸೀಮೆ ಇದು. ನೀರು ಬೇಕು ಅನ್ನುವ ಆಸೆ ದುರಾಸೆಯಲ್ಲ. ಹಾಗಾಗಿ ಅಪ್ಪನನ್ನು ಕೆಟ್ಟವನನ್ನಾಗಿ ಮಾಡಬೇಡ. ನ್ಯಾಯವಾದ ಕೋರಿಕೆಗೆ ಅನ್ಯಾಯದ ಬೆಲೆ ತೆರಬೇಕಾದಾಗ ಕರುಳು ಹಿಂಡುತ್ತದೆ. ಆಮೇಲೆ ಸಮಾಧಿ. ಮೂಲದಲ್ಲಿ ಸ್ಮಶಾನ ಎಲ್ಲಿದೆ?

ಶಿಷ್ಯೆ: ಎರಡು ಮೈಲಿ ದೂರ. ಕೋರಿಕೆ ಮಾಡಿದ ಕೂಡಲೇ ಏನೂ ಆಗುವುದಿಲ್ಲ, ಅಪ್ಪನಿಗೆ ನೆಮ್ಮದಿಯಾಗುತ್ತದೆ. ಆಮೇಲೆ ಸದ್ದು. ಅಷ್ಟು ದೂರ ನಡೆದು ಬರಬೇಕಲ್ಲ ಎಂದು ಆಗ ತಾಯಿಗೆ ಹೊಳೆಯುತ್ತದೆ.

ಮೇಷ್ಟ್ರು: ನಮ್ಮಲ್ಲಿ ಎಷ್ಟೋ ಮನೆತನಗಳು ತಮ್ಮ ಜಮೀನಿನಲ್ಲೇ ಮಣ್ಣು ಮಾಡುತ್ತವೆ. ಮಗನ ಗುದ್ದು ಮನೆ ಹಿಂದಿನ ತೋಟದಲ್ಲಿದ್ದರೆ?

ಶಿಷ್ಯೆ: ಎರಡು ಮೈಲಿಯ ಕಾಯುವಿಕೆ ಹೋಗುತ್ತದೆ. ಅದರ ಬದಲು ಸದ್ದನ್ನು ಹತ್ತಿರ ತರಬಹುದು. ಮೊದಲು ಒಣಗಿದ ಗರಿ ತುಳಿದ ಸದ್ದು. ಆಮೇಲೆ ಹೊಸ ಬೋರ್‌ವೆಲ್ಲಿನ ಮೋಟಾರ್ ತಾನಾಗಿ ಶುರುವಾಗುತ್ತದೆ. ಅದೇನೂ ವಿಶೇಷವಲ್ಲ, ರಾತ್ರಿ ತ್ರೀಫೇಸ್ ಕರೆಂಟ್ ಬಂದಿದೆ, ಆಟೋ ಸ್ಟಾರ್ಟರ್ ಇದೆ. ನೀರು ಕಾಲುವೆಯಲ್ಲಿ ಹರಿಯುತ್ತದೆ, ಎಲ್ಲೋ ಒಂದು ಕಡೆ ತಡೆದು ಪಕ್ಕಕ್ಕೆ ತಿರುಗುತ್ತದೆ. ಮಗ ಬದುಕಿದ್ದಾಗ ಮಡೆ ತಿರುಗಿಸುತ್ತಿದ್ದ ಜಾಗ ಅದು. ಆಮೇಲೆ ಹಿತ್ತಿಲ ಬಾಗಿಲು.

ಮೇಷ್ಟ್ರು: ಯಾವ ರಾತ್ರಿ?

ಶಿಷ್ಯೆ: ಮೂಲದಲ್ಲಿ ಮಗ ಸತ್ತು ಹತ್ತು ದಿನವಾಗಿರುತ್ತದೆ. ನಮ್ಮಲ್ಲಿ... ಮಾರನೇ ಬೆಳಿಗ್ಗೆ ಹನ್ನೊಂದನೇ ದಿನದ ತಿಥಿ! ಮನೆ ತುಂಬ ನೆಂಟರು ಮಲಗಿದ್ದಾರೆ, ಅಂಗಳದಲ್ಲಿ ಅಡುಗೆಯ ಪಾತ್ರೆಗಳು ಬಂದಿವೆ. ತಾಯಿ ಒಬ್ಬಳೇ ಎದ್ದು ಕೂತಿದ್ದಾಳೆ. ನಾಳೆ ತಿಥಿ ಆಗಿಬಿಟ್ಟರೆ ಮಗ ಪೂರ್ತಿ ಹೋದ ಹಾಗೆ, ಇವತ್ತೊಂದೇ ರಾತ್ರಿ ಉಳಿದಿದೆ ಎಂದು ಅವಳಿಗೆ ಅನ್ನಿಸುತ್ತದೆ.

ಮೇಷ್ಟ್ರು: ಜೇಕಬ್ಸ್ ಬರೆದ ಹತ್ತು ದಿನ ನಮ್ಮ ಹನ್ನೊಂದನೇ ದಿನಕ್ಕೆ ತಾನಾಗಿ ಬಂದು ಕೂತಿತು. ಆ ತಾಯಿಯನ್ನು ಮಾತ್ರ ಎಚ್ಚರದಿಂದ ಬರೆ. ದುಃಖದಲ್ಲಿರುವ ಹೆಂಗಸಿಗೆ ದೆವ್ವ ಹಿಡಿದಿದೆ ಎಂದು ಹೊಡೆದದ್ದು, ಬರೆ ಹಾಕಿದ್ದು ನಮ್ಮ ನಾಡಿನಲ್ಲಿ ಕಥೆಯಲ್ಲ, ನಡೆದ ಸಂಗತಿ. ಬಾಣಾಮತಿ ಮಾಡಿದಳು ಎಂದು ಒಂಟಿ ಮುದುಕಿಯರನ್ನು ಕಾಡಿದ್ದೂ ಉಂಟು. ಇದನ್ನೆಲ್ಲ ತಡೆಯಲು 2017ರಲ್ಲಿ ರಾಜ್ಯದಲ್ಲಿ ಕಾಯ್ದೆ ಬಂತು, 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಇವತ್ತು ಅಪರಾಧ. ನಿನ್ನ ಸೀನ್ ಓದಿದವರು ತಮ್ಮ ಬೀದಿಯ ಯಾವ ಹೆಂಗಸನ್ನೂ ಅನುಮಾನದಿಂದ ನೋಡಬಾರದು.

ಶಿಷ್ಯೆ: ನನ್ನ ಕಥೆಯಲ್ಲಿ ಅವಳನ್ನು ಯಾರೂ ಹುಚ್ಚಿ ಅನ್ನುವುದಿಲ್ಲ ಮೇಷ್ಟ್ರೇ. ಬಾಗಿಲು ತೆಗೆಯಬೇಡ ಅನ್ನುವ ಗಂಡನಿಗಿಂತ ತೆಗೆಯಬೇಕು ಅನ್ನುವ ಅವಳ ಮಾತೇ ನ್ಯಾಯವಾಗಿ ಕೇಳಬೇಕು. ನೋಡುವವರ ಮನಸ್ಸು ಎರಡು ಕಡೆಗೂ ಎಳೆಯಬೇಕು.

ಮೇಷ್ಟ್ರು: ಹಾಗಾದರೆ ಬರೆಯಲು ನಿನಗೆ ಹಕ್ಕಿದೆ. ಹೇಗೆ ಬರೆಯುತ್ತೀಯ, ಕ್ರಮ ಹೇಳು.

ಶಿಷ್ಯೆ: ಮೊದಲು ಮೂಲ ಕಥೆಯನ್ನು ಓದಿ ಮುಚ್ಚಿಡುತ್ತೇನೆ, ನೆನಪಿನಿಂದ ಒನ್‌ಲೈನ್ ಬರೆಯುತ್ತೇನೆ. ನೆನಪಿನಲ್ಲಿ ಉಳಿಯದ ಘಟನೆ ಬಹುಶಃ ಸಿನಿಮಾಕ್ಕೂ ಬೇಡ. ಆಮೇಲೆ ಸೀನ್ ಆರ್ಡರ್, ಪ್ರತಿ ಸೀನ್‌ಗೆ ಒಳಾಂಗಣವೋ ಹೊರಾಂಗಣವೋ, ಹಗಲೋ ರಾತ್ರಿಯೋ. ಪುಟದ ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಸಂಭಾಷಣೆ ಕೊನೆಗೆ. ಮಾತಿಲ್ಲದೆ ಸೀನ್ ಅರ್ಥವಾಗುತ್ತದೆಯೇ ನೋಡಿ, ಆಗದಿದ್ದಲ್ಲಿ ಮಾತ್ರ ಮಾತು.

ಮೇಷ್ಟ್ರು: ಅದಕ್ಕೆ ಇನ್ನೊಂದು ಸೇರಿಸು, ಜನರ ಎದುರು ಗಟ್ಟಿಯಾಗಿ ಓದು. ನಮ್ಮ ತಾಲ್ಲೂಕಿನ ಸಾಣೇಹಳ್ಳಿಯನ್ನು ನೋಡು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಶಿವಸಂಚಾರ ನಾಟಕ ತಂಡ ಶುರುಮಾಡಿದರು. ಅಲ್ಲಿನ ಕಲಾವಿದರು ಪ್ರತಿ ವರ್ಷ ಹೊಸ ನಾಟಕಗಳನ್ನು ಹೊತ್ತು ನಾಡು ತಿರುಗುತ್ತಾರೆ, ಊರೂರಿನ ಜನರ ಮುಂದೆ ಅವು ಪಕ್ಕಾ ಆಗುತ್ತವೆ. ವರ್ಷಕ್ಕೊಮ್ಮೆ ಅಲ್ಲಿ ನಾಟಕೋತ್ಸವ ಆದಾಗ ಹಳ್ಳಿಯ ಜನ ಬಯಲು ರಂಗಮಂದಿರದ ಮೆಟ್ಟಿಲು ತುಂಬ ಕೂತು ನೋಡುತ್ತಾರೆ. ಇಂಥ ಪ್ರೇಕ್ಷಕರು ಪಕ್ಕದಲ್ಲಿರುವಾಗ ನೀನು ಕೋಣೆಯಲ್ಲಿ ಒಬ್ಬಳೇ ಕೂತು ತೀರ್ಪು ಕೊಟ್ಟುಕೊಳ್ಳಬೇಡ. ತೋಟದ ಕೆಲಸ ಬಲ್ಲವರಿಗೆ ಓದಿ ಹೇಳು, ಮಡೆ ತಿರುಗಿಸುವ ಸೀನ್ ಸುಳ್ಳಾಗಿದ್ದರೆ ಅವರೇ ಹೇಳುತ್ತಾರೆ. ರಿಗ್ಗಿನಲ್ಲಿ ದುಡಿದ ಹುಡುಗರನ್ನು ಕೇಳು, ಅಪಘಾತ ಹೇಗಾಗುತ್ತದೆ ಅಂತ. ನಿಜವಾದ ಕೆಲಸದ ವಿವರ ನಂಬುವಂತಿದ್ದರೆ ಮಾತ್ರ ನಂಬಲಾಗದ್ದನ್ನು ಜನ ನಂಬುತ್ತಾರೆ.

ಶಿಷ್ಯೆ: ಇದನ್ನು ಬರೆದು ಮುಗಿಸಿದ ಮೇಲೆ ಅದು ಜೇಕಬ್ಸನ ಕಥೆಯೋ, ನನ್ನದೋ?

ಮೇಷ್ಟ್ರು: ಮೂರು ಕೋರಿಕೆ, ತಟ್ಟುವ ಬಾಗಿಲು ಅವನದು. ತೋಟ, ತಾತನ ಅಪರಾಧ, ನೀರಿನ ಆಸೆ, ತಿಥಿಯ ಹಿಂದಿನ ರಾತ್ರಿ ನಿನ್ನವು. ಮೊದಲ ಪುಟದಲ್ಲಿ ಅವನ ಹೆಸರನ್ನೂ ಕಥೆಯ ಹೆಸರನ್ನೂ ಸ್ಪಷ್ಟವಾಗಿ ಬರೆ, ಕೆಳಗೆ ನಿನ್ನ ಹೆಸರು ಬರೆ. ಹಾಗೆ ಬರೆಯಲು ಸಂಕೋಚವಾಗುತ್ತಿದ್ದರೆ ಇನ್ನೂ ಸಾಕಷ್ಟು ಬದಲಾಯಿಸಿಲ್ಲ ಎಂದು ತಿಳಿ, ಮತ್ತೆ ಬರೆ. ನಿನ್ನ ಹಾಗೆ ಕಲಿಯುವ ಹುಡುಗ ಹುಡುಗಿಯರು ಈ ಜಿಲ್ಲೆಯ ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೂ ನಾನು ಹೇಳುವುದು ಇಷ್ಟೇ: ಸ್ವಂತ ಕಥೆ ಹೊಳೆಯಲಿ ಎಂದು ಕಾಯುತ್ತ ಕೂರಬೇಡಿ. ಹಕ್ಕಿನ ಅವಧಿ ಮುಗಿದ ಒಂದು ಒಳ್ಳೆಯ ದೆವ್ವದ ಕಥೆ ತೆಗೆದುಕೊಳ್ಳಿ, ಅದರ ಭಯ ಎಲ್ಲಿಂದ ಬರುತ್ತದೆ ಎಂದು ಹುಡುಕಿ, ಅದನ್ನು ನಿಮ್ಮ ಊರಿಗೆ ತನ್ನಿ, ಬರೆದದ್ದನ್ನು ಊರವರಿಗೆ ಓದಿ ಹೇಳಿ.